ಬಾ ನೀರು, ಸಾಕು ನೀರು

ನಮ್ಮ ಊರಿನಲ್ಲಿ ಯಾರ ಹೊಲವೂ ಅವರ ಮನೆಯ ಮೇಲಿಲ್ಲ. ಮನೆಗಳೆಲ್ಲ ಗುಡ್ಡದ ಮೈಯನ್ನು ಕೊರೆದು ಮಾಡಿದವು, ಹೊಲಗಳೆಲ್ಲ ಅವುಗಳ ನೆತ್ತಿಯ ಮೇಲೆ. ಬಾಗಿಲು ತೆರೆದರೆ ಎದುರಿಗೆ ಕಣಿವೆ. ಬೆಳಗಿನ ಬಿಸಿಲು ಹಿಂದಿನ ಗೋಡೆಯವರೆಗೂ ಬಂದು ಮುಟ್ಟುತ್ತದೆ. ತಲೆ ಎತ್ತಿದರೆ ಚಾವಣಿಯಿಂದ ಇಳಿಬಿದ್ದ ಬೇರುಗಳು. ನನ್ನ ಮನೆಯೊಳಗೆ ಇಳಿಯುವುದು ಬೇರೆ ಯಾರದೋ ರಾಗಿಯ ಬೇರು. ನನ್ನ ಹುರುಳಿಯ ಬೇರು ಇಳಿಯುವುದು ಇನ್ಯಾರದೋ ಅಡುಗೆಮನೆಗೆ. ನಿಮ್ಮ ಮನೆಗೆ ಇಳಿದ ಬೇರನ್ನು ನೀವು ಕೀಳುವಂತಿಲ್ಲ. ನಿಮ್ಮ ಹೊಲದ ಕೆಳಗಿನ ಮನೆಗೆ ನೀವು ಕಾಲಿಡುವಂತಿಲ್ಲ, ನಿಮ್ಮ ಮನೆಯ ಮೇಲಿನ ಹೊಲಕ್ಕೆ ಹತ್ತುವಂತಿಲ್ಲ. ಮದುವೆಯಾಗಿ ಬಂದ ಹೊಸ ಸೊಸೆಯಂದಿರು ಮೊದಲ ವಾರ ಮಲಗಿದಲ್ಲೇ ಮೇಲೆ ನೋಡುತ್ತಾ ಕಣ್ಣು ಪಿಳಿಪಿಳಿ ಬಿಡುತ್ತಾರೆ. ಆಮೇಲೆ ಅನ್ನಕ್ಕೆ ಎಸರಿಡುವಾಗ ಹಬೆ ತಾಗದಂತೆ ಬೇರನ್ನು ಪಕ್ಕಕ್ಕೆ ಸರಿಸಿ ದಾರದಲ್ಲಿ ಕಟ್ಟುವುದನ್ನು ಕಲಿತುಬಿಡುತ್ತಾರೆ.

ಬೇರು ನೋಡುವುದು ನನ್ನ ಕೆಲಸವಾಗಿತ್ತು. ನನಗಿಂತ ಮುಂಚೆ ನನ್ನ ಸೋದರತ್ತೆ ಈರಮ್ಮ ಅದನ್ನು ಮಾಡುತ್ತಿದ್ದಳು. ಒಂದು ಮರದ ಮೆಟ್ಟುಮಣೆ, ಎರಡು ಶೀಷೆ, ಶಾಯಿ ತುಂಬುವ ಒಂದು ಹಳೆಯ ಫಿಲ್ಲರ್, ಇಷ್ಟೇ ನಮ್ಮ ಸಾಮಾನು. ವಾರಕ್ಕೊಮ್ಮೆ ಒಂದೊಂದು ಮನೆಗೆ ಹೋಗಿ, ಮಣೆ ಹತ್ತಿ, ಬೇರಿನ ತುದಿಯ ಹತ್ತಿರ ಕಣ್ಣಿಟ್ಟು ನೋಡಬೇಕು. ತುದಿಗಿಂತ ಸ್ವಲ್ಪ ಮೇಲೆ ಬಿಳಿಯ ನವಿರು ಕೂದಲು ಇರುತ್ತದೆ. ಗಿಡ ಉಣ್ಣುವುದು, ಕುಡಿಯುವುದು ಹೆಚ್ಚಾಗಿ ಅದರಿಂದಲೇ. ಬೇರೆ ಊರುಗಳಲ್ಲಿ ಅದು ಮಣ್ಣಿನೊಳಗೆ, ಕಣ್ಣಿಗೆ ಕಾಣಲಾರದಷ್ಟು ಸಣ್ಣದಾಗಿರುತ್ತದಂತೆ. ನಮ್ಮಲ್ಲಿ ಬೆರಳುದ್ದ ಬರುತ್ತದೆ, ಗಾಳಿಯಿಂದಲೇ ತೇವ ಹೀರುತ್ತದೆ. ಕೂದಲು ಉದುರಿ ಬೇರು ಬೋಳಾಗಿದ್ದರೆ ಬಾ ನೀರು ಮೂರು ಹನಿ. ಅತಿಯಾಗಿ ಬೆಳೆದಿದ್ದರೆ ಸಾಕು ನೀರು ಮೂರು ಹನಿ.

ಬಾ ನೀರು ಮಾಡುವುದು ಕಷ್ಟವೇನಲ್ಲ. ಏಳೆಂಟು ಸಸಿಗಳನ್ನು ತೊಳೆದ ಮರಳಿನಲ್ಲಿ ಊರಿ ಹಸಿವಿನಲ್ಲಿ ಬಿಡಬೇಕು, ಆಮೇಲೆ ಅವುಗಳ ಬೇರನ್ನು ಮಳೆನೀರಿನಲ್ಲಿ ಅರ್ಧ ದಿನ ಅದ್ದಿಡಬೇಕು. ಹಸಿದ ಗಿಡ ಆ ನೀರಿಗೆ ಏನನ್ನೋ ಬಿಡುತ್ತದೆ. ಗೊಬ್ಬರದಲ್ಲಿ ಹೊಟ್ಟೆ ತುಂಬ ಉಂಡ ಗಿಡ ಇನ್ನೊಂದನ್ನು ಬಿಡುತ್ತದೆ, ಅದು ಸಾಕು ನೀರು. ನಾನು ಚಿಕ್ಕವಳಿದ್ದಾಗ ದೂರದ ಊರಿನಿಂದ ಕೃಷಿ ಓದಿದವರೊಬ್ಬರು ಬಂದು ಎರಡನ್ನೂ ಸಣ್ಣ ಗಾಜಿನ ಕೊಳವೆಗಳಲ್ಲಿ ತುಂಬಿಕೊಂಡು ಹೋದರು. ಮತ್ತೆ ಬಂದಾಗ ಅತ್ತೆಯ ಮುಂದೆ ಕೂತು ವಿವರಿಸಿದರು. ಗಿಡ ತನ್ನೊಳಗೆ ಮಣಿ ಪೋಣಿಸಿದ ಹಾಗೆ ಒಂದು ಉದ್ದನೆಯ ಸರ ಮಾಡುತ್ತದೆ. ಅದರಿಂದ ಹತ್ತು ಹದಿನೈದು ಮಣಿಯ ತುಂಡನ್ನು ಕತ್ತರಿಸಿ ಹೊರಗೆ ಬಿಡುತ್ತದೆ. ಆ ತುಂಡು ಪಕ್ಕದ ಜೀವಕೋಶದ ಬಾಗಿಲಿಗೆ ಹೋಗಿ ಕೂತರೆ, ಬಾಗಿಲು ಗುರುತು ಹಿಡಿದರೆ, ಆ ಕೋಶ ಒಂದು ಕೂದಲನ್ನು ಹೊರಗೆ ಚಾಚುತ್ತದೆ. ಕೆಲವು ತುಂಡುಗಳು ಚಾಚು ಅನ್ನುತ್ತವೆ, ಕೆಲವು ನಿಲ್ಲಿಸು ಅನ್ನುತ್ತವೆ. ಅದಕ್ಕೆ ಪೆಪ್ಟೈಡ್ ಎಂದು ಹೆಸರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಸರಿ ಸ್ವಾಮಿ, ನಾವು ಅದಕ್ಕೇ ಬಾ, ಸಾಕು ಅಂತೀವಿ,” ಎಂದು ಮಜ್ಜಿಗೆ ಕೊಟ್ಟಳು.

ಮೂರೇ ಹನಿ ಎನ್ನುವುದರಲ್ಲಿ ಅತ್ತೆ ಬಹಳ ಬಿಗಿ. ಕೂದಲು ಅತಿಯಾದರೆ ಗಿಡ ತನ್ನ ಬಲವನ್ನೆಲ್ಲ ಕೆಳಗೇ ಸುರಿದುಬಿಡುತ್ತದೆ, ಮೇಲೆ ಕಾಯಿ ಜೊಳ್ಳಾಗುತ್ತದೆ. ಕೆಳಗಿನ ಮನೆಯಲ್ಲಿ ನಾವು ಹಾಕುವ ಹನಿ ಮೇಲಿನ ಹೊಲದವರ ಊಟ. ಹಾಗೆಂದು ಅವಳು ಸಾಯುವವರೆಗೂ ಹೇಳಿದಳು. ಹನ್ನೊಂದು ವರ್ಷ ನಾನೂ ಮೂರು ಹನಿಯನ್ನು ಮೀರಲಿಲ್ಲ.

ಹೊಂಬಾಳಮ್ಮನ ಮನೆ ಊರಿನ ಪೂರ್ವದ ಸಾಲಿನಲ್ಲಿ ಕೊನೆಯದು. ಮನೆ ಕೊರೆಯುವುದು ಅವಳ ಕಸುಬು. ಗಂಡಸರ ಸಮಕ್ಕೆ ಹಾರೆ ಹಿಡಿಯುತ್ತಿದ್ದಳು. ಗೋಡೆಗೆ ಕಿವಿಯಿಟ್ಟು ಬಡಿದು ನೋಡಿ ಒಳಗೆ ಬಂಡೆ ಎಲ್ಲಿದೆ ಎಂದು ಹೇಳುತ್ತಿದ್ದಳು. ಯಾರದೋ ಮನೆಯ ಒಳಕೋಣೆಯನ್ನು ಎತ್ತರಿಸುವಾಗ ಅಟ್ಟಣಿಗೆ ಜಾರಿ ಬಿದ್ದಳು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಬಲಗೈಯಲ್ಲೂ ಬಲವಿಲ್ಲ. ಎಡಗೈ ಮಾತ್ರ ಮೊದಲಿನಂತಿತ್ತು. ಆಗ ಅವಳಿಗೆ ನಲವತ್ತಾರು. ಕಡಲೆ, ಬಟಾಣಿ ಹುರಿದು ಮಾರುವ ತಂಗಿ ಲಕ್ಕಮ್ಮ ಬಂದು ಜೊತೆಗಿದ್ದು ನೋಡಿಕೊಳ್ಳುತ್ತಿದ್ದಳು. ಬಿದ್ದ ಮೇಲೆ ಎರಡು ವರ್ಷ ಹೊಂಬಾಳಮ್ಮ ಹೆಚ್ಚು ಮಾತಾಡಲಿಲ್ಲ. ನಾನು ಹೋದಾಗ ಕಣ್ಣು ತೆರೆದು ಚಾವಣಿ ನೋಡುತ್ತಿರುತ್ತಿದ್ದಳು. ಅವಳ ಮನೆಯ ಮೇಲೆ ಇದ್ದದ್ದು ದೊಡ್ಡರಂಗಯ್ಯನವರ ಅವರೆ ಹೊಲ.

ಒಂದು ಬೆಳಿಗ್ಗೆ ನಾನು ಮಣೆಯ ಮೇಲೆ ನಿಂತಿದ್ದಾಗ ಕೆಳಗಿನಿಂದ ಅವಳ ದನಿ ಕೇಳಿತು.

“ಆ ಬಾಗಿಲ ಕಡೇದು ಹೋದ್ ಸಲಕ್ಕಿಂತ ಒಂದು ಗೋಧಿಕಾಳಷ್ಟು ಉದ್ದ ಆಗೈತೆ.”

ನಾನು ಕಡ್ಡಿ ಹಿಡಿದು ಅಳೆದೆ. ಹೇಳಿದಷ್ಟೇ ಇತ್ತು.

“ನೀನು ಹನಿ ಹಾಕೋದು ಒಂದಕ್ಕೆ,” ಎಂದಳು. “ಮಾರನೇ ದಿನ ಅದರ ಪಕ್ಕದ್ದೂ ಏಳ್ತೈತೆ. ಅದು ಇದಕ್ಕೆ ಹೇಳ್ತೈತೆ. ನೋಡಿಲ್ವಾ ನೀನು?”

ನಾನು ನೋಡಿರಲಿಲ್ಲ. ವಾರಕ್ಕೊಮ್ಮೆ ಹೋಗುವವಳಿಗೆ ಅದು ಕಾಣುವುದಿಲ್ಲ. ಅಂದಿನಿಂದ ಅವಳ ಮನೆಗೆ ಹೋಗುವುದೆಂದರೆ ನನಗೆ ಪಾಠಕ್ಕೆ ಹೋದ ಹಾಗೆ. ಯಾವ ಬೇರು ಬೆಳಗಿನ ಹೊತ್ತು ಚುರುಕು, ಯಾವುದು ಮೋಡದ ದಿನ ಸುಮ್ಮನಿರುತ್ತದೆ, ಕೂದಲು ಮೊದಲು ಒಂದು ಸಣ್ಣ ಗುಳ್ಳೆಯಾಗಿ ಎದ್ದು ಆಮೇಲೆ ಹೇಗೆ ನೀಳವಾಗುತ್ತದೆ, ಎಲ್ಲವನ್ನೂ ಅವಳು ಹೇಳುತ್ತಿದ್ದಳು, ನಾನು ಮಣೆಯ ಮೇಲೆ ಕೂತು ಕೇಳುತ್ತಿದ್ದೆ. ಲಕ್ಕಮ್ಮ ಬಾಣಲೆಯಲ್ಲಿ ಮರಳು ತಿರುವುತ್ತಾ, “ಅಕ್ಕ ಇಷ್ಟು ಮಾತಾಡ್ತಾಳೆ ಅನ್ನೋದೇ ನನಗೆ ಮರ್ತೋಗಿತ್ತು,” ಎನ್ನುತ್ತಿದ್ದಳು.

ಶ್ರಾವಣದ ಕೊನೆಯಲ್ಲಿ ಇರಬೇಕು, ಲಕ್ಕಮ್ಮ ನೀರಿಗೆ ಹೋಗಿದ್ದಾಗ ಹೊಂಬಾಳಮ್ಮ ಎಡಗೈ ಎತ್ತಿ ತೋರಿಸಿದಳು. ಅವಳ ಬೆರಳಿನ ತುದಿಗೂ ಕೂದಲಿಗೂ ಮಧ್ಯೆ ಎರಡು ಗೇಣು ಅಂತರವಿತ್ತು.

“ಇಲ್ಲೀಗಂಟ ಇಳಿಸ್ತೀಯಾ ಪದ್ದಕ್ಕ?”

“ಯಾಕಕ್ಕ?”

“ಎರಡು ವರ್ಷದಿಂದ ಎಲ್ಲಾರೂ ನನ್ನ ಮುಟ್ತಾರೆ. ಎತ್ತಕ್ಕೆ, ತೊಳಿಯಕ್ಕೆ, ಮಗ್ಗುಲು ತಿರುಗ್ಸಕ್ಕೆ. ನಾನಾಗಿ ಕೈ ಚಾಚಿ ಏನನ್ನೂ ಮುಟ್ಟಿಲ್ಲ.”

“ಇನ್ನೊಬ್ಬರ ಬೆಳೆ ಕಣಕ್ಕ ಇದು.”

“ಗೊತ್ತು. ಕೇಳ್ದೆ, ಅಷ್ಟೇ.”

ಮತ್ತೆ ಅವಳು ಕೇಳಲಿಲ್ಲ. ಮುಂದಿನ ವಾರ ಹೋದಾಗಲೂ ಗೋಧಿಕಾಳು, ಸಾಸಿವೆಕಾಳಿನ ಲೆಕ್ಕದಲ್ಲಿ ಉದ್ದ ಹೇಳಿದಳೇ ಹೊರತು ಆ ಮಾತು ಎತ್ತಲಿಲ್ಲ. ಅವಳು ಮತ್ತೆ ಕೇಳಿದ್ದರೆ ಬಹುಶಃ ನಾನು ಮತ್ತೆ ಇಲ್ಲ ಅನ್ನುತ್ತಿದ್ದೆ. ಕೇಳದೆ ಇದ್ದದ್ದು ನನ್ನನ್ನು ಕೊರೆಯಿತು. ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷ ಮೂರು ಹನಿ ಹಾಕಿದವಳಿಗೆ ನಾಲ್ಕನೆಯದು ಹಾಕಿದರೆ ಏನಾಗುತ್ತದೆ ಎಂದು ನೋಡುವ ಆಸೆಯೂ ಇತ್ತು. ಮೂರನೆಯ ವಾರ, ಅವಳ ತಲೆದಿಂಬಿನ ನೇರಕ್ಕೆ ಇದ್ದ ಒಂದೇ ಒಂದು ಬೇರಿಗೆ ಹತ್ತು ಹನಿ ಬಾ ನೀರು ಹಾಕಿದೆ. ಹೊಂಬಾಳಮ್ಮ ಎಣಿಸುತ್ತಿದ್ದಳು.

ಕೂದಲು ಬೆರಳುದ್ದ ದಾಟಿತು, ಗೇಣುದ್ದವಾಯಿತು, ತನ್ನ ಭಾರಕ್ಕೆ ಬಾಗಿ ಕೆಳಗೆ ಇಳಿಯತೊಡಗಿತು. ಅವಳು ಮೊದಲೇ ಹೇಳಿದ್ದರೂ ಒಂದೇ ಬೇರು ತಾನೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಅದು ಪಕ್ಕದ್ದಕ್ಕೆ ಹೇಳಿತು, ಪಕ್ಕದ್ದು ತನ್ನ ಪಕ್ಕದ್ದಕ್ಕೆ. ತಿಂಗಳು ತುಂಬುವಷ್ಟರಲ್ಲಿ ಇಡೀ ಚಾವಣಿ ಬೆಳ್ಳಗಾಗಿತ್ತು. ಬಾಗಿಲಿನಿಂದ ಬಂದ ಬಿಸಿಲು ಅದರೊಳಗೆ ಹೊಕ್ಕು ಹಾಲಿನ ಬಣ್ಣದ ಬೆಳಕಾಗಿ ಹಾಸಿಗೆಯ ಮೇಲೆ ಇಳಿಯುತ್ತಿತ್ತು. ಲಕ್ಕಮ್ಮ ಸೊಂಟ ಬಗ್ಗಿಸಿ ಓಡಾಡಬೇಕಾಯಿತು, ಒಲೆಯನ್ನು ಹೊರಗಿನ ಜಗಲಿಗೆ ಸಾಗಿಸಿದಳು. ಮನೆಯೊಳಗೆ ಬೇಸಿಗೆಯ ಕೆರೆಯಂಚಿನ ತಂಪು. ತಾಮ್ರದ ಕೊಡದ ಮೇಲೆ ಸಣ್ಣ ಸಣ್ಣ ನೀರಿನ ಮಣಿಗಳು. ಅಲ್ಲಿ ಆಡಿದ ಮಾತು ಅರಳೆಯಲ್ಲಿ ಸುತ್ತಿಟ್ಟಂತೆ ಮೆತ್ತಗೆ ಕೇಳುತ್ತಿತ್ತು. ಹೊಂಬಾಳಮ್ಮ ಉಸಿರು ಬಿಟ್ಟರೆ ತಲೆಯ ಮೇಲಿನ ಬಿಳುಪೆಲ್ಲ ಮೆಲ್ಲಗೆ ಆ ಕಡೆಗೆ ವಾಲಿ ಮತ್ತೆ ಹಿಂದಕ್ಕೆ ಬರುತ್ತಿತ್ತು.

ಮೊದಲ ಸಲ ಅವಳು ಮುಟ್ಟಿದಾಗ ನಾನು ಅಲ್ಲೇ ಇದ್ದೆ. ಎಡಗೈ ಎತ್ತಿದಳು, ಬೆರಳುಗಳನ್ನು ಬಿಡಿಸಿ ಒಳಗೆ ತೂರಿಸಿದಳು, ಬಹಳ ಹೊತ್ತು ಹಾಗೇ ಇಟ್ಟುಕೊಂಡಳು.

“ಹೆಂಗೈತಕ್ಕ?” ಎಂದು ಲಕ್ಕಮ್ಮ ಕೇಳಿದಳು.

“ಎಳೇ ಕೂಸಿನ ಹುಬ್ಬು ಇದ್ದಂಗೈತೆ,” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಮೇಲೆ ಯಾರೋ ನಡೀತಾವ್ರೆ. ಎಡಗಾಲು ಎಳೀತಾರೆ,” ಎಂದಳು.

ದೊಡ್ಡರಂಗಯ್ಯನವರ ಎಡಮಂಡಿ ನೋವು ಊರಿಗೆಲ್ಲ ಗೊತ್ತಿದ್ದ ವಿಷಯ. ಅವರು ನೀರು ಕಟ್ಟುವುದು, ಕಳೆ ಕೀಳುವುದು, ಬದುವಿನ ಮೇಲೆ ಕೂತು ಸುಧಾರಿಸಿಕೊಳ್ಳುವುದು ಎಲ್ಲವೂ ಇವಳ ಬೆರಳಿಗೆ ತಿಳಿಯತೊಡಗಿತು. ಈಗ ಮೂರನೇ ಸಾಲಿನಲ್ಲಿದ್ದಾರೆ, ಈಗ ಮನೆಗೆ ಹೊರಟರು ಎಂದು ಹೇಳುತ್ತಿದ್ದಳು. ಎರಡು ಹೊತ್ತು ಕೇಳಿ ಬಡಿಸಿಕೊಂಡು ಉಂಡಳು. ಒಂದು ದಿನ ನಾನು ಬಾಗಿಲಿಗೆ ಬರುವಾಗ ಅಕ್ಕತಂಗಿಯರು ನಗುವುದು ಕೇಳಿ ಒಳಗೆ ಹೋಗದೆ ಸ್ವಲ್ಪ ಹೊತ್ತು ಜಗಲಿಯಲ್ಲೇ ನಿಂತೆ.

ಮಾರ್ಗಶಿರದ ಮೊದಲ ವಾರ ದೊಡ್ಡರಂಗಯ್ಯನವರು ನನ್ನ ಮನೆಗೆ ಬಂದರು. ಅರುವತ್ತು ದಾಟಿದವರು, ಮಾತು ಕಡಿಮೆ, ಪ್ರತಿ ಮಾತಿಗೂ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಟವೆಲ್ಲಿನ ಗಂಟು ಬಿಚ್ಚಿ ಒಂದು ಹಿಡಿ ಅವರೆಕಾಯಿಯನ್ನು ನನ್ನ ಮುಂದಿಟ್ಟರು.

“ಮೂಸು ಪದ್ದಮ್ಮ.”

ಮೂಸಿದೆ. ಅವರೆಕಾಯಿಗೆ ಇರಬೇಕಾದ ಸೊಗಡು ಇರಲಿಲ್ಲ. ಕೈಗೆ ಅಂಟುವ ಎಣ್ಣೆಯೂ ಇಲ್ಲ. ಕಾಯಿ ಒತ್ತಿದರೆ ಒಳಗೆ ಬರೀ ಗಾಳಿ.

“ಹೂವು ಚೆನ್ನಾಗೇ ಬಂದಿತ್ತು,” ಎಂದರು. “ಕೆಳಗೆ ಬೇರು ಹೆಂಗವೆ?”

“ಚೆನ್ನಾಗವೆ,” ಎಂದೆ. “ಈ ವರ್ಷ ಇಬ್ಬನಿ ಕಮ್ಮಿ ಅಲ್ವಾ, ಅದಕ್ಕಿರಬೇಕು.”

“ನಿಮ್ಮತ್ತೇನೂ ಹಂಗೇ ಅಂತಿದ್ರು, ಇಬ್ಬನಿ ಬೀಳಬೇಕು ಅಂತ.” ನನ್ನ ಮಾತನ್ನು ನಂಬಿ ಟವೆಲ್ ಕೊಡವಿ ಹೊರಟುಹೋದರು. ಆ ಕಾಯಿಗಳು ನಾಲ್ಕು ದಿನ ನನ್ನ ಮನೆಯ ಗೂಡಿನಲ್ಲೇ ಇದ್ದವು. ಎಸೆಯಲೂ ಆಗಲಿಲ್ಲ, ನೋಡಲೂ ಆಗಲಿಲ್ಲ.

ಐದನೆಯ ದಿನ ಬಾವಿಯ ಹತ್ತಿರ ಅವರ ಸೊಸೆ ಸಿಕ್ಕಿ, ಮಾವ ಅವರೆಯನ್ನೆಲ್ಲ ಕಿತ್ತು ಹುರುಳಿ ಚೆಲ್ಲುತ್ತಾರಂತೆ, ನೆಲದ ಹಸಿ ಆರುವುದರೊಳಗೆ ಆಗಬೇಕು, ನಾಳೆಯೇ ಶುರು ಎಂದಳು. ಕೊಡ ಅಲ್ಲೇ ಬಿಟ್ಟು ನಾನು ಹೊಲಕ್ಕೆ ಹತ್ತಿದೆ. ಮೇಲಿನಿಂದ ಕಿತ್ತರೆ ಬೇರುಗಳು ಚಾವಣಿಯ ಮಣ್ಣು ಸಮೇತ ಹೊಂಬಾಳಮ್ಮನ ಮೇಲೆ ಬೀಳುತ್ತವೆ. ಹೊಲದವರ ಮನೆಗೆ ವರ್ಷದ ಅವರೆಯೇ ಇಲ್ಲವಾಗುತ್ತದೆ, ಅದೂ ನಾನು ಹೇಳಿದ ಇಬ್ಬನಿಯ ನೆಪದಲ್ಲಿ. ದೊಡ್ಡರಂಗಯ್ಯನವರು ಬದುವಿನ ಮೇಲೆ ಕೂತು ಗುದ್ದಲಿಗೆ ಹೊಸ ಕಾವು ಹಾಕುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು, ನಾನು ಹತ್ತು ಹನಿ ಹಾಕಿದ್ದು, ಮೊನ್ನೆ ಸುಳ್ಳು ಹೇಳಿದ್ದು.

ಅವರು ಕಾವನ್ನು ಕೂರಿಸಿ, ತಿರುವಿ ನೋಡಿ, ಕೆಳಗಿಟ್ಟರು.

“ಎಷ್ಟು ದಿನದಿಂದ?”

“ಮೂರು ತಿಂಗಳಾಯ್ತು.”

“ನಮ್ಮನೇಲಿ ಆರು ಜನ ಅವ್ರೆ.”

“ಗೊತ್ತು.”

ಗಂಟಲು ಸರಿಮಾಡಿಕೊಂಡರು. ಬೈಯುತ್ತಾರೆ ಎಂದು ಕಾದೆ. ಮೊಣಕಾಲಿನ ಮೇಲೆ ಕೈಯೂರಿ ಎದ್ದು, “ನಡಿ, ನೋಡಣ,” ಎಂದರು.

“ನೀವು ಆ ಮನೆಗೆ ಬರಂಗಿಲ್ಲ ಯಜಮಾನರೇ.”

“ನೀನು ಹಾಕಂಗಿತ್ತಾ?”

ನಾನು ಅವರ ಹಿಂದೆ ಇಳಿದೆ. ದಾರಿಯಲ್ಲಿ ಜಗಲಿಗಳ ಮೇಲೆ ಕೂತಿದ್ದವರು ನಾವು ಯಾವ ಕಡೆ ತಿರುಗಿದೆವು ಎಂದು ನೋಡಿ ಮಾತು ನಿಲ್ಲಿಸಿದರು.

ಲಕ್ಕಮ್ಮ ಜಗಲಿಯಲ್ಲಿ ಕಡಲೆ ಜರಡಿ ಹಿಡಿಯುತ್ತಿದ್ದವಳು ಅವರನ್ನು ಕಂಡು ಎದ್ದು ನಿಂತಳು. ಒಳಗಿನಿಂದ ಹೊಂಬಾಳಮ್ಮ, “ಯಾರು, ಎಡಗಾಲಿನೋರಾ? ಬರ್ರಿ,” ಎಂದಳು. ದೊಡ್ಡರಂಗಯ್ಯನವರು ತಲೆಯ ಟವೆಲ್ ತೆಗೆದು, ಬಗ್ಗಿ ಒಳಗೆ ಬಂದರು. ನಲವತ್ತು ವರ್ಷ ಆ ಹೊಲ ಮಾಡಿದವರು ಅದರ ಬೇರನ್ನು ಅವತ್ತೇ ಮೊದಲು ನೋಡಿದ್ದು. ಬಿಳಿಯ ಕೂದಲು ಅವರ ಕಿವಿಗೆ, ಕತ್ತಿಗೆ ತಾಗುತ್ತಿತ್ತು. ಅವರು ಅದನ್ನು ಸರಿಸಲಿಲ್ಲ. ಮೇಲೆ ನೋಡಿದರು, ಬಾಗಿಲಿನ ಕಡೆಯಿಂದ ಹಿಂದಿನ ಗೋಡೆಯವರೆಗೂ ನಿಧಾನವಾಗಿ ನೋಡಿದರು. ಆಮೇಲೆ ನೆಲದ ಮೇಲೆ, ಅವಳ ಹಾಸಿಗೆಯ ಪಕ್ಕದಲ್ಲಿ ಕೂತರು.

“ಕಾಯಿ ಹೆಂಗೈತೆ?” ಎಂದು ಹೊಂಬಾಳಮ್ಮ ಕೇಳಿದಳು.

ಅವರು ಜೇಬಿನಿಂದ ಒಂದು ಕಾಯಿ ತೆಗೆದು ಅವಳ ಎಡಗೈಯಲ್ಲಿಟ್ಟರು. ಅವಳು ಹೆಬ್ಬೆರಳಿನಿಂದ ಒತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಅವಳ ಮುಖ ಸಣ್ಣದಾಯಿತು.

“ನನಗೆ ಹೇಳ್ಬೇಕಿತ್ತು ಪದ್ದಕ್ಕ,” ಎಂದಳು. “ಸಾಕು ನೀರು ತಂದಿದ್ದೀಯಾ?”

“ಮನೇಲೈತೆ.”

“ತಗೊಂಡು ಬಾ.”

ದೊಡ್ಡರಂಗಯ್ಯನವರು ಗಂಟಲು ಸರಿಮಾಡಿಕೊಂಡರು. “ಈ ನಿನ್ನ ತಲೆ ಮೇಲಿಂದು ಒಂದು ಇದ್ದುಕೊಳ್ಳಲಿ. ಒಂದು ಗಿಡ ಹೋದ್ರೆ ನನಗೇನೂ ಆಗಲ್ಲ.”

ಹೊಂಬಾಳಮ್ಮ ಆ ಬೇರನ್ನು ನೋಡಿದಳು. “ಒಂದನ್ನ ಬಿಟ್ರೆ ಅದು ಪಕ್ಕದ್ದಕ್ಕೆ ಹೇಳ್ತೈತೆ,” ಎಂದಳು. “ದಿನಾ ನೋಡಿದೀನಲ್ಲ. ಪೂರಾ ಹಾಕ್ಲಿ.”

ಅವತ್ತು ಮಧ್ಯಾಹ್ನದೊಳಗೆ ಪೂರಾ ಹಾಕಿದೆ. ಒಂದೊಂದು ಬೇರಿಗೂ ಮೂರು ಹನಿ. ಮಣೆಯನ್ನು ಜರುಗಿಸುತ್ತಾ ಹೋದೆ, ದೊಡ್ಡರಂಗಯ್ಯನವರು ಶೀಷೆ ಹಿಡಿದುಕೊಂಡು ಜೊತೆಗೆ ನಿಂತರು. ಕೂದಲು ಬೆಳೆಯುವುದಕ್ಕೆ ತಿಂಗಳು ಬೇಕಾಗಿತ್ತು, ಹೋಗುವುದಕ್ಕೆ ಎರಡು ದಿನ ಸಾಕಾಯಿತು. ಮೊದಲು ತುದಿ ಬಾಡಿತು, ಆಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ಸದ್ದಿಲ್ಲದೆ ಉದುರಿತು. ಹಾಸಿಗೆ, ಕೊಡ, ಹೊಂಬಾಳಮ್ಮನ ಹುಬ್ಬು ಎಲ್ಲವೂ ಬೆಳ್ಳಗಾದವು. ಲಕ್ಕಮ್ಮ ಪೊರಕೆ ತಂದಾಗ ಅಕ್ಕ, “ಇವತ್ತು ಗುಡಿಸಬೇಡ,” ಎಂದಳಂತೆ. ಮಾರನೆಯ ದಿನವೂ ಅದನ್ನೇ ಹೇಳಿದಳಂತೆ. ಮೂರನೆಯ ದಿನ ಗೋಡೆಯ ಕಡೆ ಮುಖ ಮಾಡಿದಳು.

ಊರಿನ ಹಿರಿಯರು ಸೇರಿ ನನ್ನ ಶೀಷೆಗಳನ್ನು ವಾಪಸು ತೆಗೆದುಕೊಂಡರು. ನಾನು ಎದುರಾಡಲಿಲ್ಲ. ಅತ್ತೆಯ ಮಗಳಿಗೆ ಆ ಕೆಲಸ ಹೋಯಿತು, ನಾನು ಮನೆ ಕೊರೆಯುವವರ ಜೊತೆ ಮಣ್ಣು ಹೊರಲು ಸೇರಿಕೊಂಡೆ. ಹೊಂಬಾಳಮ್ಮನ ಮನೆಗೆ ಹೋಗಲು ನನಗೆ ಈಗ ಯಾವ ನೆಪವೂ ಇರಲಿಲ್ಲ. ಆದರೂ ಒಂದೆರಡು ಸಲ ಹೋದೆ. ಅವಳು ಗೋಡೆ ನೋಡುತ್ತಾ ಮಲಗಿರುತ್ತಿದ್ದಳು. ಚಾವಣಿಯನ್ನು ಕೂಡ ನೋಡುತ್ತಿರಲಿಲ್ಲ. ನಾನು ಸುಮ್ಮನೆ ಕೂತು ಎದ್ದು ಬರುತ್ತಿದ್ದೆ. ಲಕ್ಕಮ್ಮ ಬಾಗಿಲವರೆಗೆ ಬಂದು ಮಡಿಲಿಗೆ ಒಂದು ಹಿಡಿ ಕಡಲೆ ಹಾಕುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ.

ಅವರೆ ಚೇತರಿಸಿಕೊಂಡಿತು. ಮೊದಲ ಕಾಯೆಲ್ಲ ಹೋಯಿತು, ತಡವಾಗಿ ಎರಡನೆಯ ಹೂವು ಬಂತು. ಅರ್ಧ ಬೆಳೆ ಎಂದು ದೊಡ್ಡರಂಗಯ್ಯನವರ ಸೊಸೆ ಹೇಳಿದಳು. ಪುಷ್ಯದಲ್ಲಿ ಒಂದು ಬೆಳಿಗ್ಗೆ ನಾನು ಮಣ್ಣಿನ ಮಂಕರಿ ಹೊತ್ತು ಬರುತ್ತಿದ್ದಾಗ ದೊಡ್ಡರಂಗಯ್ಯನವರು ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ಒಂದು ಹಗ್ಗದ ಮಂಚ, ಎರಡು ಗಳ ಹಿಡಿದುಕೊಂಡು ಎದುರಾದರು.

“ನಾಲ್ಕನೇ ಹೆಗಲು ಬೇಕು,” ಎಂದರು. “ನೀನು ಬತ್ತೀಯಾ?”

“ಎಲ್ಲಿಗೆ?”

“ಹೊಂಬಾಳಮ್ಮನ್ನ ಮೇಲಕ್ಕೆ ಕರ್ಕೊಂಡು ಹೋಗಕ್ಕೆ.”

ಯಾರ ಅಪ್ಪಣೆ ಕೇಳಿದಿರಿ ಎಂದು ನಾನು ಕೇಳಲಿಲ್ಲ. ಮಂಕರಿ ಇಳಿಸಿದೆ. ಹೊಂಬಾಳಮ್ಮ ಮೊದಲು ಬೇಡ ಅಂದಳು. ಆಮೇಲೆ ಎಡಗೈಯಿಂದ ಮಂಚದ ಅಂಚನ್ನು ಹಿಡಿದಳು. ಅವಳನ್ನು ಮಂಚಕ್ಕೆ ಬದಲಾಯಿಸಿ, ಸೊಂಟಕ್ಕೆ ಸೀರೆ ಸುತ್ತಿ ಕಟ್ಟಿ, ನಾಲ್ವರೂ ಗಳಕ್ಕೆ ಹೆಗಲು ಕೊಟ್ಟೆವು. ಲಕ್ಕಮ್ಮ ತಲೆದಿಂಬು ಹಿಡಿದು ಹಿಂದೆ ಬಂದಳು. ಮೆಟ್ಟಿಲು ಕಡಿದಾಗಿತ್ತು. ದೊಡ್ಡರಂಗಯ್ಯನವರ ಎಡಗಾಲು ಪ್ರತಿ ಮೆಟ್ಟಿಲಿಗೂ ತಡೆಯುತ್ತಿತ್ತು, ನಾವು ಅವರಿಗಾಗಿ ನಿಲ್ಲುತ್ತಿದ್ದೆವು. ಜಗಲಿಗಳಿಂದ ಜನ ನೋಡಿದರು. ಯಾರೂ ಅಡ್ಡ ಬರಲಿಲ್ಲ. ಒಬ್ಬ ಮುದುಕಿ ಮಾತ್ರ ಎದ್ದು ಬಂದು ಮಂಚದಿಂದ ಜಾರಿದ್ದ ಅವಳ ಸೆರಗನ್ನು ಎತ್ತಿ ಸರಿಮಾಡಿ ಹೋದಳು.

ಅವರೆಯ ಸಾಲುಗಳ ನಡುವೆ ಮಂಚವನ್ನು ಇಳಿಸಿದೆವು. ಬಿಸಿಲು ಆಗಷ್ಟೇ ಚುರುಕಾಗುತ್ತಿತ್ತು, ಎಲೆಗಳ ಮೇಲೆ ಇಬ್ಬನಿ ಇನ್ನೂ ಇತ್ತು. ಕಣಿವೆಯ ಕಡೆಯಿಂದ ಗಾಳಿ ಬಂದು ಅವಳ ಮುಂಗೂದಲನ್ನು ಹಾರಿಸಿತು. ಅವಳು ಕಣ್ಣು ಕಿರಿದು ಮಾಡಿದಳು. ಎರಡು ವರ್ಷದ ಮೇಲೆ ಆಕಾಶ ಅವಳಿಗೆ ಜಾಸ್ತಿಯಾಗಿರಬೇಕು.

“ಇವೇನಾ?” ಎಂದಳು.

“ಇವೇ,” ಎಂದರು ದೊಡ್ಡರಂಗಯ್ಯನವರು.

ಎಡಗೈ ಚಾಚಿದಳು. ಎಲೆ ಸಿಕ್ಕಿತು, ಅದನ್ನು ಬಿಟ್ಟು ಒಂದು ಕಾಯಿ ಹಿಡಿದಳು, ಕೀಳದೆ ಹಾಗೇ ಅದರ ಮೈ ಸವರಿದಳು. ಬೆರಳು ಅಂಟಂಟಾಯಿತು. ಮೂಗಿನ ಹತ್ತಿರ ತಂದು ಮೂಸಿದಳು, ಇನ್ನೊಮ್ಮೆ ಮೂಸಿದಳು. ಅವಳು ಆ ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನಲ್ಲಿ ಉಸಿರು ನಿಧಾನವಾಯಿತು. ನಿದ್ದೆ ಬಂದಿತ್ತು.

ದೊಡ್ಡರಂಗಯ್ಯನವರ ಮಕ್ಕಳು ಬದುವಿನ ಮೇಲೆ ಕೂತರು. ಲಕ್ಕಮ್ಮ ನನ್ನ ಪಕ್ಕದಲ್ಲೇ ಬಂದು ಕೂತು, ತಲೆದಿಂಬನ್ನು ತೊಡೆಯ ಮೇಲಿಟ್ಟುಕೊಂಡು, “ಎಬ್ಬಿಸೋದಾ?” ಎಂದು ಮೆಲ್ಲಗೆ ಕೇಳಿದಳು. ಬೇಡ ಎಂದೆ. ಬಿಸಿಲು ಏರಿತು. ದೊಡ್ಡರಂಗಯ್ಯನವರು ಎದ್ದು ಹೋಗಿ ಮಂಚದ ಪಕ್ಕದಲ್ಲಿ, ತಮ್ಮ ನೆರಳು ಅವಳ ಮುಖದ ಮೇಲೆ ಬೀಳುವ ಹಾಗೆ ನಿಂತರು. ಸೂರ್ಯ ಜರುಗಿದ ಹಾಗೆ ಅವರೂ ಎಡಗಾಲನ್ನು ಎಳೆದುಕೊಂಡು ಒಂದೊಂದೇ ಹೆಜ್ಜೆ ಜರುಗುತ್ತಾ, ಅವಳು ತಾನಾಗಿ ಕಣ್ಣು ತೆರೆಯುವವರೆಗೂ ಅಲ್ಲೇ ನಿಂತಿದ್ದರು.